ಪಶ್ಚಿಮದ ಕೋಣೆ ಯಾರಿಗೆ?

ಚೌಕಾಸಿ ಮಾಡದೆ ಕೊಂಡ ವಸ್ತು ನನಗೆ ಕದ್ದ ಮಾಲಿನಂತೆ ಕಾಣುತ್ತದೆ. ಮನೆಯೊಳಗೆ ಇಟ್ಟುಕೊಳ್ಳಲು ಸಂಕೋಚ. ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವರು ನನ್ನನ್ನು ದೂರದಿಂದ ಕಂಡರೇ ಕಟ್ಟುಗಳನ್ನು ಸಣ್ಣದು ಮಾಡುತ್ತಾರಂತೆ. ಇದು ನನ್ನ ಹೆಂಡತಿ ಸರೋಜಳ ಆರೋಪ. ಅವಳೋ, ಹೇಳಿದ ಬೆಲೆ ಕೊಟ್ಟು ಸುಮ್ಮನೆ ಬರುವವಳು. ಆದರೆ ಬಿನ್ನಿಪೇಟೆಯ ವಠಾರದಲ್ಲಿದ್ದ ನಾವು ಕೆಂಗೇರಿಯ ಆಚೆ ಸ್ವಂತ ಮನೆ ಕಟ್ಟಲು ಹೊರಟಿದ್ದು ನನ್ನ ಚೌಕಾಸಿಯಿಂದಲೇ ಅಲ್ಲವೇ?

ಹೊರಟ ಮೇಲೆ ಗೊತ್ತಾಯಿತು, ಹೊಸ ಮನೆಗಳಿಗೆ ಈಗ ಹೊಸ ನಿಯಮ. ಮನೆ ಕಮ್ಮಿ ಕರೆಂಟು ತಿನ್ನಬೇಕಂತೆ. ಅದಕ್ಕೆ ತಾರಸಿಯ ಮೇಲೆ ಶಾಖ ತಡೆಯುವ ಪದರ, ಪಶ್ಚಿಮದ ಕಿಟಕಿಯ ಮೇಲೆ ಅಗಲವಾದ ಸಜ್ಜಾ. ಎಂಜಿನಿಯರ್ ಪಲ್ಲವಿ ಇದನ್ನು ವಿವರಿಸುತ್ತಿದ್ದಂತೆ ನಾನು ಅಭ್ಯಾಸಬಲದಿಂದ ಅರ್ಧಕ್ಕೆ ಇಳಿಸಲು ಕೇಳಿದೆ. ಪದರ ಹಾಲ್‌ ಒಂದರ ಮೇಲಿದ್ದರೆ ಸಾಕು, ನೆಂಟರು ಕೂರುವುದು ಅಲ್ಲೇ. ಸಜ್ಜಾ ಗೇಣುದ್ದ ಇದ್ದರೆ ಧಾರಾಳ.

"ನನ್ನ ಹತ್ರ ಚೌಕಾಸಿ ಮಾಡಿ ಸಾರ್, ಪರವಾಗಿಲ್ಲ. ಮಧ್ಯಾಹ್ನದ ಬಿಸಿಲು ಒಪ್ಕೋಬೇಕಲ್ಲ?" ಎಂದ ಆಕೆ ನಕ್ಷೆಗೆ ಸಹಿ ಹಾಕಲಿಲ್ಲ. ಸರಿ, ಏನೂ ಕೇಳದೆ ಸಹಿ ಹಾಕುವ ಪುಣ್ಯಾತ್ಮ ಎಂಜಿನಿಯರನ್ನು ಹೆಗ್ಗನಹಳ್ಳಿ ಕಡೆ ಹುಡುಕೋಣ ಎಂದುಕೊಂಡೆ.

ಪಶ್ಚಿಮದ ಆ ಕೋಣೆ ಸರೋಜಳ ಹೊಲಿಗೆಗೆಂದು ನಾನೇ ಮಾತು ಕೊಟ್ಟಿದ್ದದ್ದು. ವಠಾರದಲ್ಲಿ ಅವಳ ಮೆಷಿನ್ ಬಾಗಿಲ ಬಳಿ. ಯಾರೇ ಓಡಾಡಿದರೂ ಕಾಲು ಮಡಚಿ ದಾರಿ ಬಿಡಬೇಕು. ನನ್ನ ಉಪಾಯವನ್ನೆಲ್ಲ ಅವಳಿಗೆ ಹೇಳಿದೆ. ಅವಳು ಹೊಲಿಯುವುದನ್ನು ನಿಲ್ಲಿಸಲೂ ಇಲ್ಲ.

"ಹಾಗಾದ್ರೆ ಆ ರೂಮು ನೀವೇ ಇಟ್ಕೊಳ್ಳಿ. ಊಟ ಆದ್ಮೇಲೆ ಮಲಗೋಕಾಗತ್ತೆ. ನಾನು ಹಾಲಲ್ಲಿ ಹೊಲ್ಕೋತೀನಿ, ಹೇಗೂ ಅಲ್ಲಿ ತಂಪು."

ಇನ್ನೂ ಕಟ್ಟದ ಆ ಕೋಣೆಯಲ್ಲಿ ಮನಸ್ಸಿನಲ್ಲೇ ನನ್ನನ್ನು ಮಲಗಿಸಿ ನೋಡಿಕೊಂಡದ್ದು ಆಗಲೇ. ಮೇಲೆ ಕಾದ ಕಾವಲಿ, ಪಕ್ಕದಲ್ಲಿ ಬೆಂಕಿಯಂಥ ಕಿಟಕಿ, ನಡುವೆ ನಾನು ದೋಸೆ. ಚೌಕಾಸಿಗೆ ಕೂತಾಗ ಎದುರಿಗೆ ಮಾರುವವನಿರುತ್ತಾನೆ. ನಾಳೆ ಆ ವಸ್ತುವಿನ ಜೊತೆ ಬಾಳಬೇಕಾದವರು ಅಲ್ಲಿ ಇರುವುದೇ ಇಲ್ಲ. ಅವರ ಪರವಾಗಿ ಮಾತಾಡಲೆಂದೇ ಇಂಥ ನಿಯಮಗಳು ಹುಟ್ಟುತ್ತವೋ ಏನೋ. ಮರುದಿನವೇ ಪಲ್ಲವಿಗೆ ಹೇಳಿದೆ: ಪದರ ಪೂರ್ತಿ ಇರಲಿ, ಸಜ್ಜಾ ಬೇಕಾದರೆ ಇನ್ನೂ ಸ್ವಲ್ಪ ಮುಂದೆ ಬರಲಿ.

ಗೃಹಪ್ರವೇಶ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ, ದಿಂಬು ಹಿಡಿದು ಆ ಕೋಣೆಗೆ ಹೋದೆ. ಕಿಟಕಿಯ ಪಕ್ಕ ಮೆಷಿನ್ ಇತ್ತು. ಸರೋಜ ಕಾಲು ಚಾಚಿ ಕೂತು ಬಟ್ಟೆ ಕತ್ತರಿಸುತ್ತಿದ್ದಳು.

"ತಂಪಾಗಿದೆ ಕಣ್ರೀ," ಎಂದಳು. "ನೀವು ಹಾಲಲ್ಲಿ ಮಲಕ್ಕೊಳ್ಳಿ."

ಮನೆ ಕಟ್ಟುವವರಿಗೆ ನನ್ನ ಸಲಹೆ ಇಷ್ಟೇ: ನಿಯಮದ ಜೊತೆ ಚೌಕಾಸಿಗಿಳಿಯುವ ಮೊದಲು, ಬಿಸಿಲಿನ ಕೋಣೆ ಯಾರದೆಂದು ಕೇಳಿಕೊಳ್ಳಿ. ನಿಮಗಿದು ಪುಕ್ಕಟೆ. ನನಗೆ ಇದೇ ಸಲಹೆಯನ್ನು ಪೂರ್ತಿ ಬೆಲೆಗೆ ಮಾರಿದವಳು, ಸೊಪ್ಪಿನವರ ಮುಂದೆ ಬಾಯಿ ಬಿಡದವಳು, ಒಳಗೆ ಹೊಲಿಯುತ್ತಿದ್ದಾಳೆ.