ವಕೀಲರ ಪಿಯಾನೋ ಯಾಕ ಝರ್ರಂತು?

ನಂಬೂದಿಲ್ಲ ನೀವು, ಆದ್ರ ಈಗಷ್ಟ ಆಗೇತಿ! ವಕೀಲರ ಮಗಳ ಲಗ್ನ ನನ್ನ ಒಂದ ಮಾತಿನ ಮ್ಯಾಲೆ ನಿಂತೈತಿ. ಹಾರ್ಮೋನಿಯಂ ಪೇಟಿ, ಪಿಯಾನೋ ರಿಪೇರಿ ಮಾಡೂ ನನ್ನಂಥಾವರಿಗೆ ಇಂಥಾವು ಆಗಕೋತನ ಇರ್ತಾವ ನೋಡ್ರಿ. ಸ್ವರ ಕೂಡಸೂದು ಸರಳ. ಬ್ಯಾಡಾದ ಸಪ್ಪಳ ಎಲ್ಲಿಂದ ಬರ್ತೈತಿ ಅಂತ ಹುಡುಕೂದೈತಲ್ಲ, ಅದರಾಗ ಜೀವಾ ಹೋಗ್ತೈತಿ. ತಡೀರಿ, ಅವಸರ ಐತಿ ಖರೆ, ಆದ್ರ ಮೊದಲಿಂದನ ಹೇಳ್ತೇನಿ.

ತಿಕೋಟಾದ ಗುಂಯ್

ಭಜನಿ ಮಂದಿ ಪೇಟಿ. ಒಳಗ ಗುಂಯ್ ಅಂತೈತಿ ಅಂತ ಕರಸಿದ್ರು. ನಾ ಬಾರಿಸಿದ್ರ ಚೊಲೋ ಐತಿ! ಮೂರ ಸಲ ಬಿಚ್ಚಿದೆ, ಮೂರ ಸಲ ಕೂಡಿಸಿದೆ. ಕಡೀಕ, "ಮುತ್ಯಾ, ನೀವ ಬಾರಸ್ರಿ" ಅಂದೆ. ಪೇಟಿ ಬಾರಸೂ ಮುತ್ಯಾ ಕಣ್ಣ ಮುಚ್ಚಿ ಶುರು ಮಾಡಿದ. ಗುಂಯ್! ಪೇಟಿಗೆ ಕಿವಿ ಹಚ್ಚಿದೆ, ಅಲ್ಲಿಲ್ಲ. ಮುತ್ಯಾನ ಕಡೆ ತಿರುಗಿದೆ. ಮೂಗಿನಾಗ ತಾನ ಗುನುಗಾಕತ್ತಾನ! ಸುತ್ತ ಕುಂತಾವರೆಲ್ಲಾ ನೆಲಾ ನೋಡಾಕತ್ತಾರ. ಅವರಿಗೆಲ್ಲಾ ಗೊತ್ತೈತಿ, ಹೇಳಾಕ ಧೈರ್ಯ ಇಲ್ಲ.

"ಮುತ್ಯಾ, ಸಪ್ಪಳ ಪೇಟ್ಯಾಗಿಲ್ಲರಿ, ನಿಮ್ಮೊಳಗ ಐತಿ."

"ಹಂಗಾರ ನನ್ನೂ ಬಿಚ್ಚಿ ನೋಡ್ತಿ ಏನಲೇ?"

ಬಬಲೇಶ್ವರದ ಕಿರ್ರ್

ಸಾಹುಕಾರ್ರ ಮನ್ಯಾಗ ಕಾಲಿಲೆ ತುಳಿಯೂ ಪೇಟಿ. ತುಳಿದಾಗೆಲ್ಲಾ ಕಿರ್ರ್ ಅಂತಿತ್ತು. ಎಣ್ಣಿ ಬಿಟ್ಟೆ, ಸುಮ್ಮಾತು. ಮರುದಿನಾ ಸಾಹುಕಾರ್ರು ಕಣ್ಣ ಕೆಂಪ ಮಾಡ್ಕೊಂಡು ನನ್ನ ಬಾಗಲಾಗ!

"ಏನರ ತಪ್ಪಾತೇನ್ರಿ?"

"ಕೂಸು ಮಲಗವಲ್ದೋ ತಮ್ಮಾ! ಅದಕ್ಕ ಹಾಡು ಬ್ಯಾಡಂತ, ಕಿರ್ರ್ ಬೇಕಂತ!"

ಹೋದೆ. ಎಣ್ಣಿ ಒರಸಿದೆ, ಬೂದಿ ಹಚ್ಚಿದೆ, ಬಿಸಲಿಗೆ ಇಟ್ಟೆ. ತೊಟ್ಟಲಾಗಿನ ಕೂಸು ನನ್ನ ಮಾರಿ ನೋಡಿ ನೋಡಿ ಅಳಾಕತ್ತೇತಿ. ಸಪ್ಪಳ ತಗ್ಯಾಕ ಅರ್ಧ ತಾಸು ಹಿಡದಿತ್ತು, ಹೊಳ್ಳಿ ಹಾಕಾಕ ಎರಡ ದಿನಾ ಹಿಡೀತು! ಕಿರ್ರ್ ಅಂದದ್ದ ತಡಾ, ಕೂಸು ಮಲಗ್ತು. ಅದರ ಬಾಜೂಕ ಸಾಹುಕಾರ್ರೂ ಮಲಗಿಬಿಟ್ರು.

ವಿಜಾಪುರದ ಝರ್ರ್

ಈಗ ಇವತ್ತಿಂದು ಕೇಳ್ರಿ. ನಮ್ಮ ವಕೀಲರ ಮನ್ಯಾಗ ಮೂರ ಕಾಲಿನ ದೊಡ್ಡ ಪಿಯಾನೋ ಐತಿ, ಊರ ಬಿಟ್ಟ ಹೋದ ಇಂಗ್ರೇಜಿ ದೊರಿ ಕಡೆಯಿಂದ ತಗೊಂಡದ್ದು. ನಡುವಿನ ಸ್ವರ ಒತ್ತಿದ್ರ ಝರ್ರ್ ಅಂತೈತಿ.

"ನಾಕಕ್ಕ ಗಂಡಿನ ಕಡೆಯಾವರು ಬರ್ತಾರ. ಮಗಳು ಬಾರಸಾಕಿ. ಮರ್ಯಾದಿ ಉಳಸಪಾ" ಅಂದ್ರು ವಕೀಲರು.

ಮುಚ್ಚಳ ಎತ್ತಿದೆ. ತಂತಿ ಮ್ಯಾಲೆ ಸಾಲಾಗಿ ಎಂಟ ಹುಣಸಿಬೀಜ! ತಾವ ನಡಕೋತ ಬಂದಾವೇನ್ರಿ? ಅಷ್ಟರಾಗ ಮಗಳು ನೀರ ತಂದ್ಲು.

"ಅಣ್ಣಾ, ಈ ಬೀಜಾ ನೀವು ನೋಡೇ ಇಲ್ಲ ಅಂತ ತಿಳೀರಿ."

"ಯಾಕವಾ?"

"ನನ್ನ ನೋಡಾಕ ಬರೂ ಹುಡುಗಗ ಯಾರರ ಬಾರಿಸಿದ್ರ ತಲಿ ನೋಯ್ತೈತಂತ. ಲಗ್ನ ಆದ್ರ ಇದನ್ನ ಮುಟ್ಟಾಕೂ ಬಿಡೂದಿಲ್ಲ. ಝರ್ರ್ ಅನ್ಲಿ, ಕೇಳಿ ಓಡಿ ಹೋಗ್ಲಿ!"

ಅಂದಾಕಿ ಅಳಾಕತ್ಲು. ನನಗ ಅಳೂ ಮಂದಿ ನೋಡಾಕ ಆಗೂದಿಲ್ಲರಿ. ವಕೀಲರ ಮುಂದ ಹೋಗಿ, "ತಂತಿ ಸೊರಗ್ಯಾವ್ರಿ, ಮುಂಬೈಯಿಂದ ತರಸಬೇಕು, ಎರಡ ತಿಂಗಳು" ಅಂದುಬಿಟ್ಟೆ. ಅವರು ತಲಿ ಮ್ಯಾಲೆ ಕೈ ಇಟ್ಕೊಂಡು, "ಇಲ್ಲೇ ಕೂಡು. ಬಂದಾವರಿಗೆ ನೀನ ಹೇಳು" ಅಂದ್ರು.

ಬಂದ್ರು. ಆಕಿ ಬಾರಿಸಿದ್ಲು. ಝರ್ರ್! ಝರ್ರ್! ಹುಡುಗ ಓಡಲಿಲ್ಲರೀ! ಎದ್ದು ಬಂದ, ಕಿವಿ ಹಚ್ಚಿದ, ಮುಚ್ಚಳ ಎತ್ತಿ ಒಳಗ ನೋಡಿದ. ಆಂವ ಮುಚ್ಚಳದ ಮರಿಗೆ, ಯಾರಿಗೂ ಕಾಣದಂಗ, ಎಂಟೂ ಬೀಜ ಒಂದೊಂದ ಆರಿಸಿ ಕೋಟಿನ ಕಿಸೇಕ ಹಾಕ್ಕೊಂಡ. ಹಾಕ್ಕೊಂಡು, ನಮ್ಮಿಬ್ಬರಿಗಷ್ಟ ಕೇಳೂಹಂಗ ಅಂತಾನ:

"ಚೌಕಾಬಾರಾ ಇದರ ಮ್ಯಾಲೇ ಆಡ್ತೀರೇನ್ರಿ?"

ಹುಡುಗಿ ಸೆರಗ ಬಾಯಾಗ ತುರಕೊಂಡ್ಲು. ನಗಿ ನಿಲ್ಲವಲ್ದು!

"ತಲಿ ನೋಯ್ತೈತಂದ್ರಲ್ಲ?" ಅಂದ್ಲು.

"ಅದು ನಮ್ಮ ಕಾಕಾ ಬಾರಸಿದಾಗರಿ. ನೀವು ಬಾರಸ್ರಿ."

ಬಾರಿಸಿದ್ಲು. ಏನ್ ಸ್ವರ! ಗಂಟಿ ಬಾರಿಸಿಧಂಗ. ಹುಡುಗ ಕುರ್ಚಿಗೆ ಹೊಳ್ಳಿ ಹೋಗ್ಲೇ ಇಲ್ಲ, ಅಲ್ಲೇ ನಿಂತ. ಆಕೀ ಕಣ್ಣಾಗ ಮತ್ತ ನೀರು, ಆದ್ರ ಈ ನೀರ ಬ್ಯಾರೆ.

ಅಷ್ಟರಾಗ ವಕೀಲರು ಎಲ್ಲಾರ ಮುಂದ ನನ್ನ ಕಡೆ ತಿರುಗಿದ್ರು. ಕೋರ್ಟಿನಾಗ ಸಾಕ್ಷಿ ಕೇಳಿಧಂಗ, "ಏನಲೇ, ಎರಡ ತಿಂಗಳಂದಿ! ಖರೇ ಹೇಳು, ಇದಕ್ಕ ಏನಾಗಿತ್ತು?"

ಹುಡುಗಿ ನನ್ನ ನೋಡ್ತಾಳ. ಹುಡುಗ ಕಿಸೆ ಒತ್ತಿ ಹಿಡಕೊಂಡಾನ. ಖರೇ ಹೇಳಿದ್ರ ಬೀಗರ ಮುಂದ ಆಕೀ ಮಾನ ಹೋಗ್ತೈತಿ. ಹೇಳದಿದ್ರ ಊರಾಗ ನನ್ನ ಕೈಯಾಗ ಯಾರ ಪೇಟಿ ಕೊಡ್ತಾರ?

"ತಂತಿ ಬಿಗಿಯೂ ಪಾನಾ ಮರೆತೇನ್ರಿ, ತಂದು ಹೇಳ್ತೇನ್ರಿ!" ಅಂದು ಎದ್ದು ಓಡಿ ಬಂದೇನಿ. ಅವರೆಲ್ಲಾ ಇನ್ನೂ ಅಲ್ಲೇ ಕುಂತಾರ. ಲಗೂ ಹೇಳ್ರೀ, ನೀವಾಗಿದ್ರ ಏನಂತಿದ್ರಿ?