ಕೈ ಹೇಳಿದ ತೂಕ

ಮಿದುಳಿನ ವಿಷಯ ಮಾತಾಡುವಷ್ಟು ಓದು ನನಗಿಲ್ಲ. ಆದರೂ ಹೇಳಹೊರಟಿದ್ದೇನೆ, ತಿಳಿದವರು ಸಿಟ್ಟಾಗಬಾರದು.

ಸಿಂದಗಿಯ ಅಮೀನುದ್ದೀನರ ಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ಶ್ರೀಶೈಲಪ್ಪ ೧೯೭೪ರಲ್ಲಿ ರಾತ್ರಿ ತರಗತಿಗೆ ಸೇರಿದ್ದ. ಒಂದೇ ತೂಕದ ದೊಡ್ಡ ಡಬ್ಬಿ, ಸಣ್ಣ ಡಬ್ಬಿ ಎತ್ತಿದರೆ ಸಣ್ಣದೇ ಭಾರ ಅನ್ನಿಸುತ್ತದೆ, ಕಣ್ಣಿನ ಮಾತನ್ನೂ ಕೈಯ ಮಾತನ್ನೂ ಮಿದುಳು ಕೂಡಿಸುವಾಗ ಹಾಗಾಗುತ್ತದೆ ಎಂದಿದ್ದರು ಮಾಸ್ತರರು. ಎರಡೂ ಸಮ ಅನ್ನಿಸಲು ದೊಡ್ಡದಕ್ಕೆ ಎಷ್ಟು ಕಾಳು ಸೇರಿಸಬೇಕು? ಅದನ್ನು ಮರುದಿನ ಸಂಜೆಯೊಳಗೆ ಅಳೆದು ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದೂ ಹೇಳಿದ್ದರು.

ಎದುರುಮನೆಯ ಸಿದ್ದವ್ವನಿಂದ ದೊಡ್ಡ ಡಬ್ಬಿ ಕಡ ತಂದ. ಅದಕ್ಕೂ ಅಂಗಡಿಯ ಸಣ್ಣ ಡಬ್ಬಿಗೂ ಜೋಳ ತುಂಬಿ, ಎರಡರ ತೂಕವನ್ನೂ ಸಮ ಮಾಡಿ ಅವಳನ್ನೇ ಕರೆದ.

"ಯಕ್ಕಾ, ಯಾವದು ಭಾರ ಐತಿ ನೋಡ್ರಿ."

"ಸಣ್ಣದು. ಅದರಾಗೇನ್ ಕೇಳ್ತಿ?"

ಶ್ರೀಶೈಲಪ್ಪ ಹಿಗ್ಗಿ ಬಾಯಿಬಿಟ್ಟ: "ಎರಡೂ ಒಂದ ತೂಕ ಅದಾವ್ರಿ!"

"ನನ್ನ ಕೈ ಸುಳ್ಳ ಹೇಳ್ತಾವೇನಲೇ?"

ತಕ್ಕಡಿಗೆ ಹಾಕಿ ತೋರಿಸಿದ. ಮುಳ್ಳು ನೆಟ್ಟಗೆ ನಿಂತಿತು.

"ಅಂದ್ರ ತಕ್ಕಡೀನ ಸುಳ್ಳು!" ಎಂದಳು ಸಿದ್ದವ್ವ.

ಆ ಮಾತು ಹಗ್ಗ ಹರಿದ ಹೋರಿಯಂತೆ ಬಜಾರ ಸುತ್ತಿತು. ಕೊರಳಲ್ಲಿ ಟೇಪು ನೇತುಬಿಟ್ಟುಕೊಂಡೇ ಬಂದ ಸಿಂಪಿಗ ರೇವಪ್ಪನಿಗೂ ಸಣ್ಣದೇ ಭಾರವಾಯಿತು. ಬೇಳೆ ಕೊಳ್ಳಲು ಬಂದ ಹಜರಾಬಿಗೂ ಅಷ್ಟೇ.

"ಕಣ್ಣ ಮುಚ್ಚಿ ಎತ್ತ್ರಿ, ತಿಳೀತದ!" ಶ್ರೀಶೈಲಪ್ಪ ಅಂಗಲಾಚಿದ.

"ಕಣ್ಣ ಮುಚ್ಚಿಸೇ ಇಷ್ಟ ದಿನ ಮಾರೀರಲ್ಲೋ ಮಗನ!" ಎಂದ ರೇವಪ್ಪ.

ಅಷ್ಟರಲ್ಲಿ ನಮಾಜು ಮುಗಿಸಿ ಅಮೀನುದ್ದೀನರು ಬಂದರು. "ನನ್ನ ಅಂಗಡಿ ಮುಚ್ಚಸಾಕ ಸಾಲಿ ಕಲ್ಯಾಕ ಹೊಂಟಿಯೇನು? ತಕ್ಕಡಿ ತಗೊಂಡು ಒಳಗ ನಡಿ, ಕರಿಯೂತನ ಹೊರಗ ಬರಬ್ಯಾಡ!"

ಶ್ರೀಶೈಲಪ್ಪ ಕತ್ತಲೆ ಕೋಣೆಯಲ್ಲಿ ಚೀಲಗಳ ನಡುವೆ ಚಡಪಡಿಸುತ್ತ ಕುಳಿತ. ಹೊರಗೆ ಗದ್ದಲ ಏರಿತು, ಇಳಿಯಿತು, ಆಮೇಲೆ ನಗುವೂ ಕೇಳಿಸಿತು. ಕರೆದಾಗ ಬಂದು ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ.

"ಏನ ಮಾಡಿದ್ರಿ ಸಾಹುಕಾರ್ರ?"

"ನಿಮ್ಮ ಕೈಯೇ ನಮಗ ತಕ್ಕಡಿ ಅಂದೆ. ಸಿದ್ದವ್ವ ಎತ್ತಿ ಎತ್ತಿ ನೋಡಿದ್ಲು, ನಾ ದೊಡ್ಡ ಡಬ್ಬಿಗೆ ಕಾಳ ಹಾಕ್ಕೋತ ಹೋದೆ. ಕಡೀಕ ಎಲ್ಲಾರೂ ಎತ್ತಿ, ಸಮ ಆತು ಅಂದ್ರು. ಆ ಕಾಳ ಡಬ್ಬಿ ಸಮೇತ ಸಿದ್ದವ್ವಗ ಕೊಟ್ಟ ಕಳಿಸಿದೆ."

ಶ್ರೀಶೈಲಪ್ಪನಿಗೆ ಬೇಕಾಗಿದ್ದ ಲೆಕ್ಕವೇ ಅದು! "ಎಷ್ಟ ಹಾಕಿದ್ರಿ?"

"ಕೊಡೂ ಕಾಳು ಎಣಸಬಾರದಪಾ, ಬರಕತ್ ಹೋಗ್ತದ, ಅಂಗಡಿ ಏಳಿಗಿ ಆಗೂದಿಲ್ಲ."

ಸಿದ್ದವ್ವನ ಮನೆಗೆ ಓಡಿದ. ಜೋಳವನ್ನು ಅವಳು ಮನೆಯ ಜೋಳದ ಚೀಲಕ್ಕೆ ಸುರಿದಾಗಿತ್ತು.

"ಡಬ್ಬಿ ಬೇಕೇನಪಾ? ಒಯ್ಯಿ," ಎಂದು ಬರಿ ಡಬ್ಬಿ ಚಾಚಿದಳು.

"ಮತ್ತ ಕಾಳ ತುಂಬತೀನಿ, ಇನ್ನೊಮ್ಮೆ ಎತ್ತಿ ನೋಡ್ರಿ ಯಕ್ಕಾ."

"ಸಮ ಆಗೇತಿ ಅಂದೇನಲ್ಲ. ಮತ್ತ ಜಗಳ ಹಚ್ಚತಿಯೇನು?"

ಬಜಾರದಲ್ಲಿ ಬೇರೆ ಯಾರೂ ಡಬ್ಬಿ ಮುಟ್ಟಲಿಲ್ಲ. ಆ ವರ್ಷ ಶ್ರೀಶೈಲಪ್ಪ ಪರೀಕ್ಷೆಗೆ ಕೂರಲಿಲ್ಲ. ಎಷ್ಟು ಕಾಳು ಹಾಕಿದರೆ ಸಿಂದಗಿಯವರ ಕಣ್ಣಿಗೂ ಕೈಗೂ ರಾಜಿಯಾಗುತ್ತದೋ, ನನಗೂ ಗೊತ್ತಿಲ್ಲ.