ಪಾರ್ಲಿಮೆಂಟೂ ನನ್ನ ದವಡೆ ಹಲ್ಲೂ

ಎಂಬತ್ತರ ದಶಕದಲ್ಲಿ ತಮಿಳುನಾಡಿನ ಪಲ್ಲಡದಲ್ಲಿ ನಮ್ಮ ಕನ್ನಡದವರ ಮಗ್ಗದ ಬೀದಿಗೆ ಬಂದು, ‘ಇಲ್ಲಿ ದೇಶದ ಆಡಳಿತ ಬಲ್ಲವರು ಯಾರಿದ್ದಾರೆ?’ ಎಂದು ನೀವು ಕೇಳಿದ್ದರೆ, ಎಲ್ಲರೂ ನನ್ನ ಮನೆಯ ಕಡೆಗೇ ಕೈ ತೋರಿಸುತ್ತಿದ್ದರು. ಅದಕ್ಕೆ ಕಾರಣ ನನ್ನ ರೇಡಿಯೋ. ದಿಲ್ಲಿಯಿಂದ ಬರುವ ತಮಿಳು ವಾರ್ತೆಯನ್ನು ನಾನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕೇಳಿಸದ ಅರ್ಧವನ್ನು ನಾನೇ ತುಂಬಿಕೊಳ್ಳುತ್ತಿದ್ದೆ!

ಇಂಥ ನನಗೆ ಪಾರ್ಲಿಮೆಂಟಿನ ಜೊತೆ ನೇರವಾದ ಸಂಬಂಧ ಬೆಳೆದದ್ದು ನನ್ನ ಮಗಳು ಭುವನಾಳಿಂದ. ಅವಳು ಹಲ್ಲಿನ ಡಾಕ್ಟರ್ ಓದು ಮುಗಿಸಿ ಬಂದಳು. ನೇಯ್ಗೆಯವರಾದ ನಮ್ಮ ಬಳಗದಲ್ಲಿ ಅವಳೇ ಮೊದಲ ಡಾಕ್ಟರು. ಬಿಳಿ ಕೋಟು ಹಾಕಿಕೊಂಡು ಬಸ್ಸಿನಿಂದ ಇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಕೋಟು ಬಿಚ್ಚಿಟ್ಟವಳು, ‘ಅಪ್ಪಾ, ನಾನು ಇನ್ನೂ ಯಾರ ಹಲ್ಲನ್ನೂ ಮುಟ್ಟುವ ಹಾಗಿಲ್ಲ’ ಎಂದಳು.

ವಿಷಯ ಇಷ್ಟೇ. ಅವಳ ಕಾಲೇಜು ಹೊಸದಾಗಿ ಹುಟ್ಟಿದ ಒಂದು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಹಲ್ಲಿನ ವೈದ್ಯರಿಗೆಂದೇ ಇಡೀ ದೇಶಕ್ಕೆ ಒಂದು ಕಾಯಿದೆ ಉಂಟಂತೆ. ಯಾವ ಯಾವ ವಿಶ್ವವಿದ್ಯಾಲಯದ ಪದವಿ ನಡೆಯುತ್ತದೆ ಎಂದು ಅದರಲ್ಲೇ ಬರೆದಿದೆಯಂತೆ. ಈ ಹೊಸದರ ಹೆಸರು ಅದರಲ್ಲಿ ಇಲ್ಲ. ಪಾರ್ಲಿಮೆಂಟು ಒಂದು ತಿದ್ದುಪಡಿ ಮಸೂದೆ ತಂದು ಆ ಹೆಸರನ್ನು ಸೇರಿಸಬೇಕು. ಅಲ್ಲಿಯ ತನಕ ಇವಳು ಡಾಕ್ಟರಾಗಿ ನೋಂದಾಯಿಸಿಕೊಳ್ಳುವಂತಿಲ್ಲ, ಬೋರ್ಡು ಹಾಕುವಂತಿಲ್ಲ.

‘ಒಂದು ಹೆಸರು ಸೇರಿಸೋಕೆ ಪಾರ್ಲಿಮೆಂಟೇ ಕೂರಬೇಕಾ?’ ಎಂದೆ.

‘ಒಂದು ಅಕ್ಷರ ಸೇರಿಸೋಕೂ ಅದೇ ಕೂರಬೇಕಪ್ಪಾ.’

ಅಬ್ಬಾ! ನಾನು ಬೆರಗಾಗಿಹೋದೆ. ಅಸ್ಸಾಮಿನವರು, ಪಂಜಾಬಿನವರು, ನಾನು ಜನ್ಮದಲ್ಲಿ ನೋಡದ ಊರಿನವರು, ದೊಡ್ಡ ದೊಡ್ಡ ಪೇಟದವರು, ಎಲ್ಲರೂ ಒಂದೇ ಸೂರಿನ ಕೆಳಗೆ ಕೂತು, ಪಲ್ಲಡದ ನಂಜಪ್ಪನ ಮಗಳು ಹಲ್ಲು ಕೀಳಬಹುದೋ ಬಾರದೋ ಎಂದು ಮಾತಾಡುತ್ತಾರೆ! ಈ ದೇಶದ ಮೇಲೆ ನನಗೆ ಅಂಥ ಪ್ರೀತಿ ಅದುವರೆಗೆ ಬಂದಿರಲಿಲ್ಲ.

ಅದೇ ವಾರ ನನ್ನ ಬಲಗಡೆಯ ದವಡೆ ಹಲ್ಲು ನೋಯಲು ಶುರುವಾಯಿತು. ಇದನ್ನು ದೈವಸಂಕಲ್ಪ ಎನ್ನದೆ ಇನ್ನೇನು ಹೇಳಲಿ? ಬೀದಿಯವರೆಲ್ಲ ಕೇಳುವಂತೆ ಜಗಲಿಯ ಮೇಲೆ ನಿಂತು ಘೋಷಿಸಿದೆ. ‘ಈ ಹಲ್ಲನ್ನು ನನ್ನ ಮಗಳೇ ನೋಡಬೇಕು, ಅದೂ ಸಟ್ಟಪ್ರಕಾರ, ಕಾಯಿದೆ ಹೇಳಿದ ಹಾಗೆ. ಅಲ್ಲಿಯ ತನಕ ಬೇರೆ ಯಾರ ಕೈಯೂ ನನ್ನ ಬಾಯಿಗೆ ಬರಕೂಡದು!’

‘ಅಪ್ಪಾ, ಕೊಯಮತ್ತೂರಲ್ಲಿ ನಮ್ಮ ಸೀನಿಯರ್ ಒಬ್ಬರು ಇದ್ದಾರೆ, ನಾಳೆ ಬಸ್ಸಿಗೆ ಹೋಗೋಣ’ ಎಂದಳು ಭುವನಾ.

‘ಆಗದು.’

‘ಸೆರಿ, ನಾನು ಸುಮ್ಮನೆ ನೋಡ್ತೀನಿ. ನೋಡೋಕೆ ಯಾವ ಸಟ್ಟವೂ ಬೇಡ. ಬಾಯಿ ತೆಗೀರಿ.’

ನಾನು ತುಟಿ ಬಿಗಿದುಕೊಂಡೆ. ಕಾಯಿದೆಯ ವಿಷಯದಲ್ಲಿ ನಾನು ಕಾಯಿದೆಗಿಂತ ಕಟ್ಟುನಿಟ್ಟು!

‘ನಿಮಗೆ ಹಲ್ಲು ನೋವೋ ತಲೆ ನೋವೋ?’ ಎಂದು ನನ್ನ ಹೆಂಡತಿ ರುಕ್ಕು ಕೇಳಿದಳು. ಅವಳಿಗೆ ರಾಜ್ಯಾಂಗದ ಜ್ಞಾನ ಕಡಿಮೆ.

ತಿಂಗಳುಗಳು ಉರುಳಿದವು. ಡಾಕ್ಟರಮ್ಮ ಮನೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಷ್ಟು ಓದಿದ ಮಗು ನೂಲು ಸುತ್ತುವುದನ್ನು ನೋಡಲಾರದೆ ರೇಡಿಯೋದ ಕಡೆ ತಿರುಗಿ ಕೂರುತ್ತಿದ್ದೆ. ನಾನು ಗಂಜಿ ಕುಡಿದುಕೊಂಡು ವಾರ್ತೆ ಕೇಳುತ್ತಿದ್ದೆ. ಕೊನೆಗೆ ಒಂದು ದಿನ ಬೆಳಗಿನ ವಾರ್ತೆಯಲ್ಲಿ ಬಂದೇ ಬಂತು. ಹಲ್ಲಿನ ವೈದ್ಯರ ಕಾಯಿದೆಯ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಅಂಗೀಕಾರ!

ನನಗೆ ಮೈಯೆಲ್ಲ ರೋಮಾಂಚನ. ಇಂಥ ದಿನವನ್ನು ಹೇಗೆ ಗೌರವಿಸುವುದು? ಅಮಾವಾಸ್ಯೆ ದಿನ ದೇವಿಯ ಮರ್ಯಾದೆಗೆಂದು ನಾವು ಮಗ್ಗ ನಿಲ್ಲಿಸುತ್ತೇವೆ. ಪಾರ್ಲಿಮೆಂಟಿಗೆ ಒಂದು ದಿನದ ಮರ್ಯಾದೆ ಬೇಡವೇ? ನೇರ ಹೋಗಿ ನನ್ನ ಮಗ್ಗಗಳ ಮೋಟಾರು ಆರಿಸಿದೆ. ಅಕ್ಕಪಕ್ಕದ ಶೆಡ್ಡುಗಳು ನನ್ನ ತಮ್ಮಂದಿರವು. ಅಣ್ಣ ನಿಲ್ಲಿಸಿದ ಎಂದು ಅವರೂ ಏನೊಂದೂ ಕೇಳದೆ ನಿಲ್ಲಿಸಿದರು. ಅವರನ್ನು ನೋಡಿ ಎದುರುಸಾಲಿನವರೂ ನಿಲ್ಲಿಸಿದರು. ಬೀದಿಗೆ ಬೀದಿಯೇ ನಿಶ್ಶಬ್ದ! ಹಲ್ಲಿನ ಸೆಳೆತಕ್ಕೆ ಬಿಳಿ ಬಟ್ಟೆಯೊಂದನ್ನು ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ನೋವಿನ ಮಾತ್ರೆ ನುಂಗಿ, ಜಗಲಿಯ ಮೇಲೆ ಕಾಲು ಚಾಚಿ ಮಲಗಿದೆ. ಎಷ್ಟೋ ದಿನದ ನಿದ್ದೆ ಒಟ್ಟಿಗೆ ಬಂದು ಅಮರಿಕೊಂಡಿತು.

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಅಮಾವಾಸ್ಯೆ ಬಿಟ್ಟರೆ ನಮ್ಮ ಬೀದಿಯಲ್ಲಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುವುದು ಒಂದೇ ಕಾರಣಕ್ಕೆ. ಬೀದಿಯಲ್ಲಿ ಸಾವಾಗಿರಬೇಕು. ಹೆಣ ಬೀದಿ ದಾಟುವ ತನಕ ಯಾರೂ ಲಾಳಿ ಓಡಿಸುವುದಿಲ್ಲ. ಆ ಸಂಭ್ರಮದಲ್ಲಿ ಇದು ನನಗೆ ಹೊಳೆಯಲೇ ಇಲ್ಲ!

ಕುನ್ನತ್ತೂರಿಗೆ ಕೊಟ್ಟಿದ್ದ ನನ್ನ ಅಕ್ಕ ಅವತ್ತು ಪಲ್ಲಡದ ಸಂತೆಗೆ ಬಂದಿದ್ದಳು. ತಮ್ಮನನ್ನು ನೋಡಿಕೊಂಡು ಹೋಗೋಣವೆಂದು ಬೀದಿಯ ಮೂಲೆಗೆ ಬಂದವಳು ಸದ್ದಿಲ್ಲದ್ದನ್ನು ಕೇಳಿ ನಿಂತುಬಿಟ್ಟಳಂತೆ. ‘ಮೊದಲು ಯಾರ ಮನೆ ಮಗ್ಗ ನಿಂತಿದ್ದು?’ ಎಂದು ಕೇಳಿದಳಂತೆ. ‘ನಂಜಪ್ಪನದು’ ಎಂದರಂತೆ. ಹಾಗೇ ಹಿಂದಿರುಗಿ ಹೂವಿನ ಅಂಗಡಿಗೆ ಹೋಗಿದ್ದಾಳೆ. ಮಾಲೆ ಹಿಡಿದು ಬಂದು ನೋಡಿದರೆ, ತಮ್ಮ ಜಗಲಿಯ ಮೇಲೆ ಉದ್ದಕ್ಕೆ ಮಲಗಿದ್ದಾನೆ, ಹೆಣಕ್ಕೆ ಕಟ್ಟುವ ಹಾಗೆ ಗದ್ದಕ್ಕೆ ಬಟ್ಟೆ ಕಟ್ಟಿದೆ!

ನನಗೆ ಎಚ್ಚರವಾದಾಗ ಎದೆಯ ಮೇಲೆ ಮಾಲೆ ಇತ್ತು.

‘ಅಯ್ಯೋ ನನ್ನ ರಾಜಾ! ಬಂಗಾರದಂಥ ಗುಣದವನೇ! ಇಡೀ ಬಳಗಕ್ಕೆ ಬುದ್ಧಿ ಹೇಳ್ತಿದ್ದವನೇ!’

ಅಕ್ಕ ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಳು. ಸುತ್ತ ಹೆಂಗಸರು ಸೇರಿದ್ದರು. ನಾನು ತಕ್ಷಣ ಏಳಬೇಕಿತ್ತು, ಒಪ್ಪುತ್ತೇನೆ. ಆದರೆ ನೀವೇ ಹೇಳಿ, ಬದುಕಿರುವಾಗ ಒಂದು ಒಳ್ಳೆಯ ಮಾತಾಡದ ಅಕ್ಕ ನನ್ನನ್ನು ಬಂಗಾರ ಎನ್ನುತ್ತಿದ್ದಾಳೆ. ಇನ್ನೂ ನಾಲ್ಕು ಮಾತು ಕೇಳೋಣ ಎನಿಸಿತು. ಕಣ್ಣು ಮುಚ್ಚಿಕೊಂಡೇ ಇದ್ದೆ.

‘ನನ್ನ ಹಿತ್ತಾಳೆ ಅಂಡೆ ತಂದು ವಾಪಸ್ ಕೊಡದೇ ಹೋದ್ಯಲ್ಲೋ!’

‘ಅದನ್ನು ಪೊಂಗಲ್‌ಗೇ ಕೊಟ್ಟಾಯ್ತು!’ ಎಂದು ಎದ್ದು ಕೂತೆ.

ಆಮೇಲೆ ಎದ್ದ ಗದ್ದಲವನ್ನು ನಾನು ವರ್ಣಿಸಲಾರೆ. ಹೆಂಗಸರು ಹೆದರಿ ಬೀದಿಗೆ ಓಡಿದರು. ಅಕ್ಕ ಮಾತ್ರ ಕದಲಲಿಲ್ಲ. ಕೈಗೆ ಸಿಕ್ಕಿದ ಸೊಪ್ಪಿನ ಚೀಲದಿಂದ ನನಗೆ ಎರಡೇಟು ಹಾಕಿ, ನಿಜವಾಗಿ ಅಳಲು ಶುರುಮಾಡಿದಳು. ಕಷಾಯ ಕುಡಿದವರಂತೆ ಜನ ಮುಖ ಕಹಿ ಮಾಡಿಕೊಂಡು ನಿಂತಿದ್ದರು. ನಾನು ಮಾಲೆ ಸರಿಪಡಿಸಿಕೊಂಡು ಗಂಭೀರವಾಗಿ ತಿಳಿಸಿದೆ. ‘ಮಹಾಜನರೇ, ಯಾರೂ ಸತ್ತಿಲ್ಲ. ಪಾರ್ಲಿಮೆಂಟಿನಲ್ಲಿ ನಮ್ಮ ಮಸೂದೆ ಗೆದ್ದಿದೆ. ಇವತ್ತಿನಿಂದ ಭುವನಾ ಡಾಕ್ಟರು!’

ನೂಲಿನ ಕೈಯಲ್ಲೇ ಒಳಗಿಂದ ಓಡಿಬಂದ ಭುವನಾ ತಲೆ ತಗ್ಗಿಸಿ ಹೇಳಿದಳು. ‘ಅಪ್ಪಾ, ಅದು ಲೋಕಸಭೆ ಮಾತ್ರ. ರಾಜ್ಯಸಭೆ ಇನ್ನೂ ಬಾಕಿ ಇದೆ.’

ಎರಡು ಸಭೆ! ಯಾವ ಗದ್ದಲದಲ್ಲಿ ಆ ಭಾಗ ನನಗೆ ಕೇಳಿಸದೇ ಹೋಗಿತ್ತೋ! ಜನ ಗೊಣಗುತ್ತ ಮಗ್ಗಕ್ಕೆ ಹೋದರು. ಸಾವಿಗೆ ತಂದ ಮಾಲೆಯನ್ನು ದೇವರಿಗೆ ಹಾಕುವಂತಿಲ್ಲ. ರುಕ್ಕು ಅದನ್ನು ತೆಗೆದು ನನ್ನ ರೇಡಿಯೋಗೆ ಹಾಕಿದಳು.

ರಾಜ್ಯಸಭೆಗೆ ಬರುವ ಹೊತ್ತಿಗೆ ಅಧಿವೇಶನವೇ ಮುಗಿಯಿತು. ಮುಂದಿನ ಅಧಿವೇಶನದಲ್ಲಿ ಅಲ್ಲೂ ಗೆದ್ದಿತು. ನಾನು ಈ ಸಲ ಜಾಣನಾಗಿ ಮಗ್ಗ ಮುಟ್ಟಲಿಲ್ಲ. ಬೋರ್ಡು ಬರೆಸಿ ತಂದೆ. ‘ಇನ್ನು ರಾಷ್ಟ್ರಪತಿ ಸಹಿ ಬೇಕು’ ಎಂದು ಭುವನಾ ಅದನ್ನು ಗೋಡೆಗೆ ಮುಖ ಮಾಡಿಟ್ಟಳು. ಸಹಿಯೂ ಆಯಿತು. ನಾನು ಬೋರ್ಡನ್ನು ತಿರುಗಿಸಿದೆ. ಅವಳು ಮತ್ತೆ ಗೋಡೆಗೆ ತಿರುಗಿಸಿದಳು. ‘ಯಾವ ದಿನದಿಂದ ಜಾರಿ ಅಂತ ಸರ್ಕಾರ ಬೇರೆ ಹೇಳಬೇಕಪ್ಪಾ.’

‘ಸಹಿ ಆದ ಮೇಲೂ ಮುಹೂರ್ತ ನೋಡ್ತಾರಾ?’

‘ಏನುಂಗ, ಇದು ಆಡಿ ತಿಂಗಳು, ಆಷಾಢ ನೋಡಿ, ಒಳ್ಳೇದಕ್ಕೆ ಯಾರು ಕೈ ಹಾಕ್ತಾರೆ? ಅವರೂ ನಮ್ಮ ಹಾಗೇ ಮನುಷ್ಯರಲ್ವಾ!’ ಎಂದಳು ರುಕ್ಕು.

ಆ ಮಾತು ನನಗೆ ಹಿಡಿಸಿತು. ಊದಿದ ಕೆನ್ನೆ ಹಿಡಿದುಕೊಂಡೇ ದಿಲ್ಲಿಯ ಕಡೆಗೆ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದೆ. ಎಷ್ಟು ಬಾಗಿಲು, ಎಷ್ಟು ಕಾವಲು! ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ನೋಡಬೇಕು, ಅವರು ಒಪ್ಪಿದ್ದನ್ನು ಮತ್ತೊಬ್ಬರು. ಗೊತ್ತಿಲ್ಲದ ಯಾರೋ ನಮ್ಮ ಬಾಯಿಗೆ ಇಕ್ಕಳ ಹಾಕದಿರಲಿ ಎಂದು ಇಷ್ಟೆಲ್ಲ ಎಚ್ಚರ. ನನ್ನ ಹಲ್ಲು ಕುಟುಕುಟು ಎನ್ನುತ್ತಿದ್ದರೂ ಮನಸ್ಸು ತುಂಬಿತು.

ಆಡಿ ಕಳೆದ ಮೇಲೆ ಜಾರಿಯೂ ಆಯಿತು. ಭುವನಾ ನೋಂದಾಯಿಸಿಕೊಂಡು ಬಂದಳು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದೆವು. ಬೋರ್ಡು ಕೊನೆಗೂ ಬೀದಿಗೆ ಮುಖ ಮಾಡಿತು. ಮೊದಲ ರೋಗಿ ನಾನೇ! ಅಕ್ಕ, ತಮ್ಮಂದಿರು, ಅರ್ಧ ಬೀದಿ ಬಾಗಿಲಲ್ಲಿ ನಿಂತಿದ್ದರು. ರಾಷ್ಟ್ರವೇ ನೋಡುತ್ತಿದೆ ಎನ್ನುವ ಠೀವಿಯಲ್ಲಿ ಕುರ್ಚಿಯ ಮೇಲೆ ಕೂತೆ. ಭುವನಾ ಇಕ್ಕಳ ಎತ್ತಿದಳು.

ನಾನು ಎದ್ದುಬಿಟ್ಟೆ. ‘ಮಗಳೇ, ಕಾಯಿದೆಗೆ ಇನ್ನೊಂದು ಸಣ್ಣ ತಿದ್ದುಪಡಿ ಬೇಕಾಗಬಹುದು. ಬರುವ ಅಧಿವೇಶನದ ತನಕ…’

‘ಕೂತ್ಕೊಳ್ಳಿ!’ ಎಂದು ರುಕ್ಕು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು.

ಹಲ್ಲು ಯಾವಾಗ ಬಂತೋ ಗೊತ್ತಾಗಲಿಲ್ಲ. ಅಷ್ಟು ಹಗುರ ಕೈ ನನ್ನ ಮಗಳದು. ಬಾಗಿಲಲ್ಲಿದ್ದವರು ‘ಹೋ’ ಎಂದರು. ನನಗೆ ಅಳು ಬಂತು, ನೋವಿಗಲ್ಲ. ನೂಲು ಸುತ್ತುತ್ತಿದ್ದ ಆ ಬೆರಳುಗಳನ್ನೇ ನೋಡುತ್ತ ಕೂತೆ.

ಭುವನಾ ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮುಖ ಸಪ್ಪಗಾಯಿತು.

‘ಅಪ್ಪಾ, ಶುರುವಿನಲ್ಲಿ ಇದು ಸಣ್ಣ ತೂತು ಇದ್ದಿರಬೇಕು. ಆವತ್ತೇ ಬಾಯಿ ತೆಗೆದಿದ್ದರೆ, ಸೀನಿಯರ್ ಹತ್ತಿರ ಕರಕೊಂಡು ಹೋಗಿ ಸಿಮೆಂಟು ತುಂಬಿಸಿ ಅಡೈಸಿಬಿಡಬಹುದಿತ್ತು. ಕೀಳೋದೇ ಬೇಡವಿತ್ತು.’

ಬಾಗಿಲಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎರಡೂ ಸಭೆಗಳ ಪರವಾಗಿ ಉತ್ತರ ಕೊಡಬಲ್ಲವನು ಬೀದಿಯಲ್ಲಿ ನಾನೊಬ್ಬನೇ. ಆದರೆ ಬಾಯಿ ತುಂಬ ಹತ್ತಿ ಇತ್ತು. ಪುಣ್ಯ!